ಹೊಳೆ–ಕೆರೆಗಳ ಮೀಸೆ ಮೀನಿಗೆ ಗಾಳ: ಸಲಕರಣೆ, ಕಟ್ಟು ಮತ್ತು ಎರೆ



ನಿಮ್ಮ ಜಮೀನಿನ ತಗ್ಗಿನಲ್ಲಿ ಹತ್ತು ಗುಂಟೆಯ ಒಂದು ಹೊಂಡವಿದೆ ಎಂದಿಟ್ಟುಕೊಳ್ಳಿ. ಮಳೆ ನಿಂತ ಮೇಲೆ ಅದಕ್ಕೆ ಕಾಟ್ಲ, ರೋಹು, ಮೃಗಾಲ್ ಜಾತಿಯ ಐನೂರು ಮರಿಗಳನ್ನು ಬಿಟ್ಟಿದ್ದೀರಿ. ತೌಡು, ಹಿಂಡಿ ಹಾಕಿ ಹತ್ತು ತಿಂಗಳು ಸಾಕಿದ್ದೀರಿ. ಬೇಸಿಗೆಯಲ್ಲಿ ಬಲೆ ಎಳೆದಾಗ ಐವತ್ತು ಮೀನು ಸಹ ಸಿಗಲಿಲ್ಲ. ಆದರೆ ಬಲೆಯ ಮೂಲೆಯಲ್ಲಿ ಉದ್ದ ಮೀಸೆಯ, ಹೊಟ್ಟೆ ಉಬ್ಬಿದ ನಾಲ್ಕೈದು ಮೀನು ಬಿದ್ದಿದ್ದವು. ನಿಮ್ಮ ಮರಿಗಳು ಎಲ್ಲಿಗೆ ಹೋದವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಐದು ಬಾಳೆ ಮೀನುಗಳು ದಿನಕ್ಕೆ ಎರಡೆರಡೇ ಮರಿ ತಿಂದರೂ ದಿನಕ್ಕೆ ಹತ್ತು ಮರಿ ಹೋದಂತೆ. ಐವತ್ತು ದಿನಗಳಲ್ಲಿ ಐನೂರು ಮರಿಗಳೂ ಖಾಲಿ.

ಕೆರೆಯ ತೂಬಿನಿಂದಲೋ ನಾಲೆಯಿಂದಲೋ ನೀರು ತಿರುಗಿಸಿಕೊಳ್ಳುವ ಹೊಂಡಗಳಿಗೆ ಈ ತೊಂದರೆ ತಪ್ಪಿದ್ದಲ್ಲ. ಹೊಂಡ ಒಣಗಿಸಲು ಆಗದಿದ್ದಾಗ, ತಳದಲ್ಲಿ ಕೊರಡು, ಕಲ್ಲು ಇದ್ದು ಬಲೆ ಎಳೆಯಲು ಬಾರದಿದ್ದಾಗ ಉಳಿಯುವ ಸುಲಭ ಉಪಾಯವೆಂದರೆ ಗಾಳ. ಹೊಂಡದಲ್ಲಿ ಯಾವ ಮೀನಿದೆ ಎಂದು ತಿಳಿಯಲೂ ಎರಡು ಸಂಜೆಯ ಗಾಳವೇ ಸಾಕು. ಮನೆಗೆ ಮುದ್ದೆಯ ಜೊತೆ ಒಂದು ಹೊತ್ತಿನ ಸಾರೂ ಆಗುತ್ತದೆ. ಆದರೆ ಗಾಳ ಹಾಕುವುದೆಂದರೆ ಕೋಲಿಗೆ ದಾರ ಕಟ್ಟಿ ಕೂರುವುದಷ್ಟೇ ಅಲ್ಲ. ಮೀನಿನ ಸ್ವಭಾವ ತಿಳಿದು, ಅದಕ್ಕೆ ತಕ್ಕ ಕೊಕ್ಕೆ, ದಾರ, ಎರೆಗಳನ್ನು ಆರಿಸಿಕೊಂಡರೆ ಮಾತ್ರ ಶ್ರಮ ಸಾರ್ಥಕವಾಗುತ್ತದೆ. ಈ ಪಾಠದಲ್ಲಿ ಆ ಕ್ರಮವನ್ನು ಒಂದೊಂದಾಗಿ ತಿಳಿಸಲಾಗಿದೆ.

ನಮ್ಮ ನೀರು, ನಮ್ಮ ಮೀನು

ಹಾಸನ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಬಗೆ ಬೇರೆ ಬೇರೆ. ಹೊಳೆನರಸೀಪುರ ಹೇಮಾವತಿಯ ದಡದಲ್ಲೇ ಇದೆ. ಅರಕಲಗೂಡು ತಾಲ್ಲೂಕಿಗೆ ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕೊಣನೂರು, ರಾಮನಾಥಪುರಗಳ ಬಳಿ ಕಾವೇರಿ. ಹಾಸನದ ಕಡೆಯಿಂದ ಯಗಚಿ ಹರಿದು ಬಂದು ಹೇಮಾವತಿಯನ್ನು ಸೇರುತ್ತದೆ. ಚನ್ನರಾಯಪಟ್ಟಣದ್ದು ಕೆರೆಗಳ ಸೀಮೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆಯ ನೀರು ಈ ಕೆರೆಗಳಿಗೂ ಬಂದಿತು. ನೀರು ಬಂದ ದಾರಿಯಲ್ಲೇ ಹೊಳೆಯ ಮೀನೂ ಬರುತ್ತದೆ ಎಂಬುದನ್ನು ಮರೆಯಬಾರದು.

ಮೈಮೇಲೆ ಹುರುಪೆ ಇಲ್ಲದ, ಬಾಯಿಯ ಸುತ್ತ ಮೀಸೆ ಇರುವ ಮೀನುಗಳನ್ನೆಲ್ಲ ಒಟ್ಟಾಗಿ ಮೀಸೆ ಮೀನು ಎನ್ನೋಣ. ಊರಿನಿಂದ ಊರಿಗೆ ಇವುಗಳ ಹೆಸರು ಬದಲಾಗುವುದುಂಟು. ಆದುದರಿಂದ ಹೆಸರಿನ ಜೊತೆಗೆ ಲಕ್ಷಣವನ್ನೂ ಗುರುತಿಸಿಕೊಳ್ಳಿ.

ಬಾಳೆ: ಚಪ್ಪಟೆ ಮೈ, ಕಣ್ಣಿನ ಹಿಂದಿನವರೆಗೂ ಸೀಳಿದ ದೊಡ್ಡ ಬಾಯಿ, ಒಳಗೆ ಅರದಂತಹ ಚೂಪು ಹಲ್ಲು. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಮುಖ್ಯ ಆಹಾರ ಬೇರೆ ಮೀನುಗಳೇ.

ಗಿರ್ಲು ಅಥವಾ ಕೆಳ್ತಿ: ಬೆನ್ನಿನ ಮೇಲೆ ಒಂದು, ಪಕ್ಕಗಳಲ್ಲಿ ಎರಡು ಗಟ್ಟಿ ಮುಳ್ಳು. ಗೇಣುದ್ದದ ಒಳಗಿನವೇ ಹೆಚ್ಚು. ಹುಳು, ಸೀಗಡಿ, ಕೊಳೆತ ವಸ್ತು ಎಲ್ಲವನ್ನೂ ತಿನ್ನುತ್ತದೆ.

ಗೊದ್ಲೆ: ಬಾಳೆಯಂತೆಯೇ ಚಪ್ಪಟೆಯಾದರೂ ಚಿಕ್ಕದು. ಪಕ್ಕೆಯಲ್ಲಿ ಭುಜದ ಬಳಿ ಒಂದು ಕಪ್ಪು ಚುಕ್ಕೆ. ಮಾಂಸ ಬಲು ಮೃದು, ರುಚಿ.

ಮುರುಗೋಡು: ಇದಕ್ಕೆ ಕೆಲವೆಡೆ ಆನೆಮೀನು ಎಂಬ ಹೆಸರೂ ಉಂಟು. ಚಪ್ಪಟೆ ತಲೆ, ಎಂಟು ಮೀಸೆ, ಬೆನ್ನಿನ ಉದ್ದಕ್ಕೂ ರೆಕ್ಕೆ. ಗಾಳಿಯನ್ನು ನೇರವಾಗಿ ಉಸಿರಾಡುವುದರಿಂದ ಕೆಸರಿನಲ್ಲೂ ಬದುಕುತ್ತದೆ.

ಚೇಳು ಮೀನು: ಮುರುಗೋಡಿನಂತೆಯೇ ಕೆಸರು ವಾಸಿ. ಬೆನ್ನಿನ ರೆಕ್ಕೆ ತೀರ ಚಿಕ್ಕದು. ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಹೆಸರು ಸುಮ್ಮನೆ ಬಂದಿಲ್ಲ.

ಇವೆಲ್ಲಕ್ಕೂ ಸಮಾನವಾದ ಒಂದು ಗುಣವಿದೆ. ಕಣ್ಣಿಗಿಂತ ಮೂಗು, ನಾಲಿಗೆಗಳನ್ನೇ ಇವು ಹೆಚ್ಚು ನಂಬುತ್ತವೆ. ಮೀಸೆಯ ಮೇಲೂ ಮೈಚರ್ಮದ ಮೇಲೂ ರುಚಿ ತಿಳಿಯುವ ಮೊಗ್ಗುಗಳಿವೆ. ಹಾಗಾಗಿ ಕದಡಿದ ನೀರಿನಲ್ಲೂ ಕತ್ತಲೆಯಲ್ಲೂ ಎರೆಯನ್ನು ಹುಡುಕಿಕೊಂಡು ಬರುತ್ತವೆ. ಹಗಲು ಪೊಟರೆ, ಬೇರು, ಕಲ್ಲುಸಂದುಗಳಲ್ಲಿ ಅಡಗಿದ್ದು ಸಂಜೆಯಿಂದ ಮೇಯಲು ಹೊರಡುತ್ತವೆ. ಗಾಳದ ವಿಚಾರದಲ್ಲಿ ನೀವು ಮಾಡುವ ಎಲ್ಲ ಆಯ್ಕೆಗಳೂ ಈ ಒಂದು ಗುಣವನ್ನು ಅನುಸರಿಸಬೇಕು: ಎರೆ ವಾಸನೆ ಬೀರಬೇಕು, ತಳದ ಬಳಿ ಇರಬೇಕು, ಹೊತ್ತು ಮುಳುಗುವ ಸಮಯಕ್ಕೆ ನೀರಿನಲ್ಲಿರಬೇಕು.

ಕೋಲು

ಹೊಂಡ, ನಾಲೆ, ಚಿಕ್ಕ ಕೆರೆಗಳಿಗೆ 12ರಿಂದ 14 ಅಡಿ ಉದ್ದದ ಗಟ್ಟಿ ಬಿದಿರೇ ಸಾಕು. ಚೆನ್ನಾಗಿ ಬಲಿತ, ಹುಳು ಹಿಡಿಯದ ಗಳವನ್ನು ಆರಿಸಿ. ಗಿಣ್ಣುಗಳನ್ನು ಸವರಿ, ಸೊಟ್ಟಗಿರುವ ಕಡೆ ಬೆಂಕಿಯ ಝಳಕ್ಕೆ ಹಿಡಿದು ನೆಟ್ಟಗೆ ಮಾಡಿ, ನೆರಳಿನಲ್ಲಿ ಒಣಗಿಸಿ, ಹರಳೆಣ್ಣೆ ಸವರಿಡಿ. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಬುಡದಿಂದ ಎರಡು ಮೂರು ಕಡೆ ಸುತ್ತಿಕೊಂಡು ತುದಿಗೆ ತನ್ನಿ. ದೊಡ್ಡ ಮೀನು ಎಳೆದು ಕೋಲಿನ ತುದಿ ಮುರಿದರೂ ದಾರ ಕೈಯಲ್ಲೇ ಉಳಿಯುತ್ತದೆ.

ಹೊಳೆಯ ಮಡುವಿಗೆ, ದೊಡ್ಡ ಕೆರೆಯ ಏರಿಯ ಬದಿಗೆ ದೂರ ಎಸೆಯಬೇಕಾದಲ್ಲಿ 7ರಿಂದ 8 ಅಡಿಯ ಫೈಬರ್ ಕೋಲು, ರೀಲು ಬೇಕಾಗುತ್ತದೆ. ರೀಲಿನಲ್ಲಿ ಕನಿಷ್ಠ 100 ಮೀಟರ್ ದಾರ ಹಿಡಿಯಬೇಕು. ರೀಲಿನ ಬಿಗಿತವನ್ನು ದಾರದ ಶಕ್ತಿಯ ಮೂರನೇ ಒಂದರಷ್ಟಕ್ಕೆ ಇಟ್ಟುಕೊಳ್ಳಿ. 9 ಕಿಲೋ ತಡೆಯುವ ದಾರವಾದರೆ 3 ಕಿಲೋ ಎಳೆತಕ್ಕೆ ರೀಲು ದಾರ ಬಿಡಬೇಕು. ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ದಾರ ಸಿಕ್ಕಿಸಿ ಎಳೆದು ನೋಡಿದರೆ ಇದು ಸುಲಭವಾಗಿ ಗೊತ್ತಾಗುತ್ತದೆ. ಫೈಬರ್ ಕೋಲನ್ನು ವಿದ್ಯುತ್ ತಂತಿಯ ಕೆಳಗೆ ಎಂದೂ ಎತ್ತಬಾರದು. ನಾಲೆ, ಕೆರೆಗಳ ಬದಿಯಲ್ಲಿ ಪಂಪ್‌ಸೆಟ್ ತಂತಿಗಳು ತಗ್ಗಾಗಿ ಜೋತುಬಿದ್ದಿರುತ್ತವೆ. ಹಸಿ ಬಿದಿರಿಗೂ ಈ ಮಾತು ಅನ್ವಯಿಸುತ್ತದೆ.

ದಾರ

ಒಂದೆಳೆ ನೈಲಾನ್ ದಾರ ಉತ್ತಮ. ಗಿರ್ಲು, ಗೊದ್ಲೆಗಳಿಗೆ 0.30 ಮಿಲಿಮೀಟರ್ ದಪ್ಪ, ಮುರುಗೋಡಿಗೆ 0.40, ಬಾಳೆ ಇರುವ ನೀರಿಗೆ 0.50 ಮಿಲಿಮೀಟರ್ ದಪ್ಪದ ದಾರ ಬಳಸಿ. ಬಾಳೆಯ ಹಲ್ಲಿಗೆ ಬರಿ ದಾರ ತಡೆಯುವುದಿಲ್ಲ. ಅದು ಒಮ್ಮೆಗೆ ಕತ್ತರಿಸದೆ ಉಜ್ಜಿ ಉಜ್ಜಿ ಸವೆಸುತ್ತದೆ. ಆದುದರಿಂದ ಕೊಕ್ಕೆಯ ಹತ್ತಿರದ ಒಂದು ಅಡಿಯನ್ನು 0.80 ಮಿಲಿಮೀಟರ್ ದಪ್ಪದ ನೈಲಾನಿನಿಂದಲೋ ಹೆಣೆದ ತೆಳು ಉಕ್ಕಿನ ತಂತಿಯಿಂದಲೋ ಮಾಡಿ.

ಬಿಸಿಲಿಗೆ ಬಿದ್ದ ನೈಲಾನ್ ಬೇಗ ಸಾರ ಕಳೆದುಕೊಳ್ಳುತ್ತದೆ. ಬಳಸಿದ ಮೇಲೆ ತೊಳೆದು, ನೆರಳಿನಲ್ಲಿ ಸುತ್ತಿಡಿ. ಪ್ರತಿ ಸಲ ಹೊರಡುವ ಮುನ್ನ ಕೊನೆಯ ಎರಡು ಮಾರು ದಾರವನ್ನು ಬೆರಳಿನ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಆ ಭಾಗವನ್ನು ಕತ್ತರಿಸಿಬಿಡಿ.

ಕೊಕ್ಕೆ

ಕೊಕ್ಕೆಯ ನಂಬರು ಓದುವಲ್ಲಿ ಹೊಸಬರು ಎಡವುವುದುಂಟು. 1, 2, 4, 6, 8 ಎಂದು ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. 1/0, 2/0, 3/0 ಎಂದು ಸೊನ್ನೆ ಸೇರಿದ ಮೇಲೆ ಸಂಖ್ಯೆ ಹೆಚ್ಚಿದಂತೆ ದೊಡ್ಡದಾಗುತ್ತದೆ. ಗಿರ್ಲು, ಗೊದ್ಲೆ, ಚೇಳು ಮೀನುಗಳಿಗೆ 4ರಿಂದ 8, ಮುರುಗೋಡಿಗೆ 1ರಿಂದ 2/0, ಬಾಳೆಗೆ 4/0ರಿಂದ 6/0 ಸೂಕ್ತ.

ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆಯಿರಿ. ಗೀರಿ ನಿಂತರೆ ಚೂಪಾಗಿದೆ. ಜಾರಿದರೆ ಸಣ್ಣ ಅರದಿಂದ ಮಸೆಯಿರಿ. ಮೀಸೆ ಮೀನು ಎರೆಯನ್ನು ಆಳಕ್ಕೆ ನುಂಗುವ ಸ್ವಭಾವದ್ದು. ಹೊಳೆಯಲ್ಲಿ ಚಿಕ್ಕ ಮೀನನ್ನು ಮರಳಿ ಬಿಡಬೇಕಾಗುವುದರಿಂದ ಮೊನೆ ಒಳಕ್ಕೆ ಬಾಗಿದ ದುಂಡು ಕೊಕ್ಕೆ ಒಳ್ಳೆಯದು. ಇದು ಗಂಟಲಿಗೆ ಸಿಕ್ಕದೆ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಆದರೆ ಈ ಕೊಕ್ಕೆ ಬಳಸುವಾಗ ಕೋಲನ್ನು ರಪ್ಪನೆ ಎತ್ತಬಾರದು. ದಾರವನ್ನು ನಿಧಾನವಾಗಿ ಬಿಗಿ ಮಾಡುತ್ತ ಹೋದರೆ ಕೊಕ್ಕೆ ತಾನಾಗಿಯೇ ತಿರುಗಿ ಕೂರುತ್ತದೆ.

ಗಂಟು

ನೈಲಾನಿಗೆ ಸಾಮಾನ್ಯ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಹೊರಬಂದ ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ. ಬಳಿಕ ತುದಿಯನ್ನು ಹಿಂದಕ್ಕೆ ತಂದು ಕಣ್ಣಿನ ಪಕ್ಕದ ಮೊದಲ ಕುಣಿಕೆಯೊಳಗೆ ತೂರಿಸಿ, ಹಾಗೆ ತೂರಿಸಿದಾಗ ಉಂಟಾದ ದೊಡ್ಡ ಕುಣಿಕೆಯೊಳಗೂ ತೂರಿಸಿ. ನೀರಿನಿಂದ ಒದ್ದೆ ಮಾಡಿ, ನಿಧಾನವಾಗಿ ಎಳೆದು ಬಿಗಿಗೊಳಿಸಿ. ಒಣ ದಾರವನ್ನು ಜಗ್ಗಿದರೆ ಬಿಸಿಯಾಗಿ ಗಂಟಿನ ಬಳಿಯೇ ಸಾರ ಕೆಡುತ್ತದೆ. ಉಳಿದ ತುದಿಯನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಮನೆಯಲ್ಲಿ ಹತ್ತು ಸಲ ಕಟ್ಟಿ ಅಭ್ಯಾಸ ಮಾಡಿಕೊಂಡರೆ ಕತ್ತಲೆಯಲ್ಲೂ ಕಟ್ಟಬಹುದು.

ಮೂರು ಬಗೆಯ ಕಟ್ಟು

ದಾರ, ಸೀಸ, ಬೆಂಡು, ಕೊಕ್ಕೆಗಳನ್ನು ಜೋಡಿಸುವ ಕ್ರಮಕ್ಕೆ ಕಟ್ಟು ಎನ್ನೋಣ. ಇವುಗಳಲ್ಲಿ ಮೂರನ್ನು ಕಲಿತರೆ ನಮ್ಮ ಎಲ್ಲ ನೀರಿಗೂ ಸಾಕು.

ಮೊದಲನೆಯದು ಜಾರುಸೀಸದ ಕಟ್ಟು. ನಡುವೆ ತೂತಿರುವ 15ರಿಂದ 30 ಗ್ರಾಂ ತೂಕದ ಸೀಸದ ಗುಂಡನ್ನು ಮೂಲ ದಾರಕ್ಕೆ ಪೋಣಿಸಿ. ಅದರ ಕೆಳಗೆ ಒಂದು ಮಣಿ ಪೋಣಿಸಿ. ಆಮೇಲೆ ಸ್ವಿವೆಲ್ ಕಟ್ಟಿ. ಸ್ವಿವೆಲ್ ಎಂದರೆ ದಾರ ಹುರಿಗೊಳ್ಳದಂತೆ ತಿರುಗುವ ಎರಡು ಕಣ್ಣಿನ ಕೊಂಡಿ. ಅದರ ಇನ್ನೊಂದು ಕಣ್ಣಿಗೆ ಒಂದರಿಂದ ಒಂದೂವರೆ ಅಡಿ ದಾರ, ಅದರ ತುದಿಗೆ ಕೊಕ್ಕೆ. ಮೀನು ಎರೆ ಕಚ್ಚಿ ಎಳೆದಾಗ ದಾರ ಸೀಸದೊಳಗೆ ಸಲೀಸಾಗಿ ಜಾರುತ್ತದೆ. ಮೀನಿಗೆ ಭಾರ ತಿಳಿಯುವುದಿಲ್ಲವಾದ್ದರಿಂದ ಎರೆಯನ್ನು ಉಗುಳುವುದಿಲ್ಲ. ತಳ ಸ್ವಚ್ಛವಾಗಿರುವ ಹೊಳೆಯ ಮಡು, ನಾಲೆ, ಏರಿಯ ಬದಿಗಳಿಗೆ ಇದೇ ಉತ್ತಮ.

ಎರಡನೆಯದು ತಳಸೀಸದ ಕಟ್ಟು. ಇದರಲ್ಲಿ ಸೀಸ ಕೆಳ ತುದಿಯಲ್ಲಿ, ಕೊಕ್ಕೆ ಅದಕ್ಕಿಂತ ಒಂದೂವರೆ ಅಡಿ ಮೇಲೆ ಪಕ್ಕದ ಗೇಣುದ್ದದ ಕವಲಿನಲ್ಲಿ ಇರುತ್ತದೆ. ತಳದಲ್ಲಿ ಕೆಸರು ಹೆಚ್ಚಿದ್ದರೆ ಎರೆ ಅದರಲ್ಲಿ ಹೂತುಹೋಗುವುದಿಲ್ಲ. ಕೊರಡು, ಕಲ್ಲು ಇರುವ ಕಡೆ ಒಂದು ಜಾಣತನ ಮಾಡಿ. ಸೀಸವನ್ನು ಮೂಲ ದಾರಕ್ಕಿಂತ ತೆಳುವಾದ ಹತ್ತಿ ದಾರದಿಂದ ಕಟ್ಟಿ. ಸೀಸ ಸಂದಿನಲ್ಲಿ ಸಿಕ್ಕಿಕೊಂಡರೆ ಆ ತೆಳು ದಾರ ಮಾತ್ರ ಹರಿದು, ಮೀನೂ ಕೊಕ್ಕೆಯೂ ಕೈಗೆ ಬರುತ್ತವೆ. ಸೀಸದ ಬದಲು ತೂತಿರುವ ಹಳೆಯ ಕಬ್ಬಿಣದ ನಟ್ಟು ಕಟ್ಟಿದರೆ ಇನ್ನೂ ವಾಸಿ. ಸೀಸ ನೀರಿಗೂ ಹಕ್ಕಿಗಳಿಗೂ ಒಳ್ಳೆಯದಲ್ಲ.

ಮೂರನೆಯದು ಬೆಂಡಿನ ಕಟ್ಟು. ಜೊಂಡು, ಕಳೆ ತುಂಬಿದ ಕೆರೆಯ ಅಂಚಿಗೆ, ಹೊಂಡಕ್ಕೆ ಇದು ಸರಿ. ಜೋಳದ ದಂಟಿನ ಬೆಂಡು, ಒಣಗಿದ ಹಗುರ ಕಡ್ಡಿ, ನವಿಲುಗರಿಯ ಬುಡ ಇವುಗಳಲ್ಲಿ ಯಾವುದಾದರೂ ಆಗಬಹುದು. ಮೊದಲು ಕೊಕ್ಕೆಗೆ ಒಂದು ಭಾರ ಕಟ್ಟಿ ನೀರಿನ ಆಳ ನೋಡಿ. ಎರೆ ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಬೆಂಡನ್ನು ಸರಿಸಿ. ಕೊಕ್ಕೆಯ ಗೇಣು ಮೇಲೆ ಚಿಕ್ಕ ಸೀಸದ ಹರಳು ಕಚ್ಚಿಸಿ. ಬೆಂಡಿನ ಮುಕ್ಕಾಲು ಪಾಲು ಮುಳುಗಿ ಕಾಲು ಪಾಲು ಕಾಣುತ್ತಿರಬೇಕು. ಹೆಚ್ಚು ತೇಲುವ ಬೆಂಡನ್ನು ಮೀನು ಅನುಮಾನಿಸುತ್ತದೆ.

ಕತ್ತಲೆಯಲ್ಲಿ ಬೆಂಡು ಕಾಣದು. ಆಗ ಕೋಲನ್ನು ಕವೆಗೋಲಿನ ಮೇಲೆ ಇಟ್ಟು, ತುದಿಗೆ ಎತ್ತಿನ ಗೆಜ್ಜೆಸರದ ಒಂದು ಗೆಜ್ಜೆ ಕಟ್ಟಿ. ಗಿರ್ಲು ತಟತಟನೆ ಕುಟುಕುತ್ತದೆ. ಮುರುಗೋಡು ಎರಡು ಸಲ ತಡವಿ ನಿಧಾನವಾಗಿ ಎಳೆಯುತ್ತದೆ. ಬಾಳೆ ಒಂದೇ ಏಟಿಗೆ ಸೆಳೆದುಕೊಂಡು ಹೋಗುತ್ತದೆ. ನಾಲ್ಕಾರು ದಿನ ಕೂತರೆ ಗೆಜ್ಜೆಯ ಸದ್ದಿನಿಂದಲೇ ಜಾತಿ ತಿಳಿಯುತ್ತದೆ.

ಎರೆ

ಎರೆಗೆ ಹಣ ಕೊಡಬೇಕಾಗಿಲ್ಲ. ಬೇಕಾದುದೆಲ್ಲ ನಿಮ್ಮ ಹಿತ್ತಿಲಲ್ಲೇ ಇದೆ.

ಎರೆಹುಳು: ಎಲ್ಲ ಮೀಸೆ ಮೀನಿಗೂ ಸಲ್ಲುವ ಎರೆ ಇದೇ. ತಿಪ್ಪೆಯ ಅಂಚಿನಲ್ಲಿ ಒದ್ದೆ ಗೋಣಿಚೀಲ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಚೀಲ ಎತ್ತಿದರೆ ಬೇಕಾದಷ್ಟು ಸಿಗುತ್ತವೆ. ಹೊಲ ಅಗೆದು ತೆಗೆಯುವ ಅಗತ್ಯವಿಲ್ಲ. ಅಲ್ಲಿ ಅವು ನಿಮ್ಮ ಮಣ್ಣಿನ ಕೆಲಸ ಮಾಡುತ್ತಿರಲಿ. ತೂತು ಹಾಕಿದ ಡಬ್ಬಿಯಲ್ಲಿ ಹಸಿ ಮಣ್ಣು, ಸಗಣಿ ಬೆರೆಸಿ ನೆರಳಲ್ಲಿಡಿ. ಗಿರ್ಲಿಗೆ ಒಂದು ಹುಳು, ಮುರುಗೋಡಿಗೆ ಮೂರು ನಾಲ್ಕು ಹುಳು ಸಿಕ್ಕಿಸಿ, ಬಾಲಗಳು ಜೋತಾಡುವಂತೆ ಬಿಡಿ.

ಗೊಬ್ಬರದ ಗುಂಡಿಯ ಹುಳು: ಚನ್ನರಾಯಪಟ್ಟಣದ ಕಡೆಯ ತೆಂಗು ಬೆಳೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಅಲ್ಲಿ ಸಿಗುವ ಬಾಗಿದ ಮೈಯ, ದಪ್ಪ ಬಿಳಿ ಹುಳುಗಳನ್ನು ಆರಿಸಿ ತೆಗೆದರೆ ತೋಟಕ್ಕೆ ರಕ್ಷಣೆ, ಗಾಳಕ್ಕೆ ಎರೆ. ಒಂದೇ ಕೆಲಸಕ್ಕೆ ಎರಡು ಫಲ. ಮುರುಗೋಡಿಗೆ ಈ ಹುಳುವೆಂದರೆ ಬಲು ಇಷ್ಟ.

ಕೋಳಿಯ ಕರುಳು, ಈಲಿ: ವಾಸನೆ ದೂರಕ್ಕೆ ಹರಡುತ್ತದೆ. ಈಲಿ ಮೆತ್ತಗಿರುವುದರಿಂದ ಎಸೆದಾಗ ಕಳಚಿ ಬೀಳುತ್ತದೆ. ಉಪ್ಪು ಸವರಿ ಒಂದು ಗಂಟೆ ನೆರಳಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಬಳಿಕ ಕೊಕ್ಕೆಗೆ ಸಿಕ್ಕಿಸಿ ಹೊಲಿಗೆ ದಾರದಿಂದ ನಾಲ್ಕು ಸುತ್ತು ಸುತ್ತಿ. ಮಿಕ್ಕಿದ್ದನ್ನು ನೀರಿಗೆ ಎಸೆಯಬೇಡಿ. ಅದೇ ಕೆರೆಯಲ್ಲಿ ನಿಮ್ಮ ದನಕರು ನೀರು ಕುಡಿಯುತ್ತವೆ.

ಸೀಗಡಿ, ಸಾಸಲು: ನಾಲೆಯ ಕಲ್ಲುಗಳ ನಡುವೆ ಸಿಗುವ ಚಿಕ್ಕ ಸೀಗಡಿ ಗೊದ್ಲೆಗೆ ಒಳ್ಳೆಯದು. ಬಾಳೆಗೆ ಬೆರಳುದ್ದದ ಸಾಸಲು ಮೀನನ್ನು ಬಾಲದ ಬಳಿಯಿಂದ ಸಿಕ್ಕಿಸಿ ತಳದಲ್ಲಿ ಬಿಡಿ.

ಹಿಟ್ಟಿನ ಎರೆ: ರಾಗಿ ಹಿಟ್ಟು ಎರಡು ಪಾಲು, ಕಡಲೆಕಾಯಿ ಹಿಂಡಿ ಒಂದು ಪಾಲು, ಒಣಮೀನಿನ ಪುಡಿ ಒಂದು ಹಿಡಿ. ಬಿಸಿ ನೀರಿನಲ್ಲಿ ಮುದ್ದೆಗಿಂತ ಗಟ್ಟಿಯಾಗಿ ನಾದಿ. ಸ್ವಲ್ಪ ಹತ್ತಿಯ ಎಳೆ ಸೇರಿಸಿದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಗಿರ್ಲಿಗೆ ಇದು ಸಾಕು. ಆದರೆ ನಿಮ್ಮ ಹೊಂಡದಲ್ಲಿ ಸಾಕಿದ ರೋಹು, ಮೃಗಾಲ್ ಮೀನುಗಳೂ ಹಿಟ್ಟಿಗೆ ಬರುತ್ತವೆ. ಅಲ್ಲಿ ಹಿಟ್ಟು ಬಿಟ್ಟು ಮಾಂಸದ ಎರೆಯನ್ನೇ ಹಾಕಿ.

ಕಪ್ಪೆಯನ್ನು ಎರೆಗೆ ಬಳಸಬೇಡಿ. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆ ನಿಮ್ಮ ಕೂಲಿ ಕೇಳದ ಆಳು. ಹಾಗೆಯೇ ಕೀಟನಾಶಕ ಹೊಡೆದ ಹೊಲದ ಹುಳು, ಮಿಡತೆಗಳನ್ನು ಗಾಳಕ್ಕೆ ಸಿಕ್ಕಿಸಬಾರದು. ಆ ಮೀನನ್ನು ಕೊನೆಗೆ ತಿನ್ನುವವರು ನೀವೇ.

ಯಾವಾಗ, ಎಲ್ಲಿ

ಕೆರೆ, ಹೊಂಡಗಳಲ್ಲಿ ಹೊತ್ತು ಮುಳುಗುವ ಅರ್ಧ ಗಂಟೆ ಮುಂಚಿನಿಂದ ರಾತ್ರಿ ಒಂಬತ್ತರವರೆಗೆ ಒಳ್ಳೆಯ ಸಮಯ. ಬೇಸಿಗೆಯ ಮೊದಲ ಮಳೆ ಬಿದ್ದು ಕೆಂಪು ನೀರು ಬಂದು ಸೇರುವ ಜಾಗ, ತೂಬಿನ ಎದುರು, ಕೋಡಿಯ ಬಳಿಯ ಕಲ್ಲುಸಂದು, ನಾಲೆಯ ಸೇತುವೆಯ ನೆರಳು, ಮುಳುಗಿದ ಮರದ ಬುಡ, ಹೊಳೆಯ ತಿರುವಿನ ಮಡು ಇವೆಲ್ಲ ಮೀಸೆ ಮೀನಿನ ನೆಲೆಗಳು. ಹೊಳೆಯಲ್ಲಿ ಮಳೆಗಾಲದ ಕೆಸರು ಇಳಿದ ಮೇಲೆ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಗಾಳಕ್ಕೆ ಹದವಾದ ಕಾಲ.

ಮೃಗಶಿರದಿಂದ ಆಶ್ಲೇಷ ಮಳೆಯವರೆಗೆ ಹೊಳೆಯ ಮೀನಿಗೆ ಗಾಳ ಹಾಕಬೇಡಿ. ಅದು ಅವುಗಳ ಮೊಟ್ಟೆಯ ಕಾಲ. ಹೊಸ ನೀರಿಗೆ ಹತ್ತಿ ಬರುವ ತುಂಬು ಬಸುರಿನ ಮೀನನ್ನು ಹಿಡಿದರೆ ಬಿತ್ತನೆಯ ಬೀಜವನ್ನೇ ಬೇಯಿಸಿ ತಿಂದಂತೆ. ಹೊಂಡದ ಮಾತು ಬೇರೆ. ಅಲ್ಲಿ ಮೊಟ್ಟೆಯಿಡುವ ಮೊದಲೇ ತೆಗೆಯುವುದು ಲೇಸು.

ಹಿಡಿದ ಮೇಲೆ

ಮೀಸೆ ಮೀನು ದಡಕ್ಕೆ ಬಂದೊಡನೆ ಕೈ ಹಾಕಬೇಡಿ. ಹೆಚ್ಚಿನ ಗಾಯಗಳಾಗುವುದು ಈ ಕ್ಷಣದಲ್ಲೇ. ಗಿರ್ಲಿನ ಮುಳ್ಳು ಒಮ್ಮೆ ಸೆಟೆದರೆ ಬೀಗ ಹಾಕಿದಂತೆ ನಿಲ್ಲುತ್ತದೆ. ಕೈಬಲೆಯಿಂದ ಎತ್ತಿ, ಒದ್ದೆ ಗೋಣಿಯ ಮೇಲೆ ಹಾಕಿ, ದಪ್ಪ ಬಟ್ಟೆಯಿಂದ ತಲೆಯ ಹಿಂದೆ ಹಿಡಿದು ಇಕ್ಕಳದಿಂದ ಕೊಕ್ಕೆ ಬಿಡಿಸಿ. ಕೊಕ್ಕೆ ಆಳಕ್ಕೆ ಹೋಗಿದ್ದು, ಮೀನನ್ನು ಮರಳಿ ಬಿಡುವುದಾದರೆ ಜಗ್ಗದೆ ದಾರವನ್ನು ಕೊಕ್ಕೆಯ ಹತ್ತಿರ ಕತ್ತರಿಸಿ.

ಚೇಳು ಮೀನು ಚುಚ್ಚಿದರೆ ನೋವು ಬಲು ಜೋರು. ಅರಿಸಿನ, ಸುಣ್ಣ ಮೆತ್ತಿ ಹೊತ್ತು ಕಳೆಯಬೇಡಿ. ಗಾಯವನ್ನು ಶುದ್ಧ ನೀರಿನಿಂದ ತೊಳೆಯಿರಿ. ತಾಳಬಹುದಾದಷ್ಟು ಬಿಸಿಯಿರುವ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಚುಚ್ಚಿದ ಭಾಗವನ್ನು ಇಡಿ. ಈ ವಿಷ ಶಾಖಕ್ಕೆ ಕೆಡುವ ಜಾತಿಯದು. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ಮುಟ್ಟಿ ನೋಡಿ. ನೋವಿನಲ್ಲಿರುವ ಕೈಗೆ ಸುಡುವುದು ತಿಳಿಯದು. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ, ಉಸಿರಿನ ತೊಂದರೆ ಕಂಡರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಎಲ್ಲ ಗಾಯಕ್ಕೂ ವಿಚಾರಿಸಿ.

ಅಡಿಗೆಗೆ ಮೊದಲು ಮೀನನ್ನು ಬೂದಿ ಅಥವಾ ಕಲ್ಲುಪ್ಪು, ಹುಣಿಸೆಹಣ್ಣು ಹಾಕಿ ಉಜ್ಜಿದರೆ ಲೋಳೆ ಹೋಗುತ್ತದೆ.

ಜೀವಕ್ಕೆ ಬೆಲೆಯಿದೆ

ಕೆರೆಯ ಹೂಳು, ಇಟ್ಟಿಗೆ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ಎಂದು ಇಳಿದವನಿಗೆ ಮುಂದಿನ ಹೆಜ್ಜೆಗೆ ಎರಡಾಳು ಆಳ ಸಿಗಬಹುದು. ಸಿಕ್ಕಿಕೊಂಡ ಎರಡು ರೂಪಾಯಿಯ ಕೊಕ್ಕೆಗಾಗಿ ನೀರಿಗೆ ಇಳಿಯಬೇಡಿ, ದಾರ ಹರಿದುಬಿಡಿ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಯಾವ ಹೊತ್ತಿನಲ್ಲಾದರೂ ನೀರು ಬಿಡಬಹುದಾದ್ದರಿಂದ ಹೇಮಾವತಿಯ ನಡುಬಂಡೆಗಳ ಮೇಲೆ ಕೂರಬಾರದು. ರಾತ್ರಿ ಒಬ್ಬರೇ ಹೋಗಬೇಡಿ. ಬ್ಯಾಟರಿ, ಮುಚ್ಚಿದ ಪಾದರಕ್ಷೆ ಇರಲಿ. ಮಕ್ಕಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ.

ಪಂಪ್‌ಸೆಟ್ಟಿನ ತಂತಿ ನೀರಿಗೆ ಬಿಟ್ಟು ಮೀನು ಹಿಡಿಯುವವರು ಕೆಲವರಿದ್ದಾರೆ. ಅದು ಮೀನು, ಮರಿ, ಮನುಷ್ಯ ಯಾರನ್ನೂ ನೋಡುವುದಿಲ್ಲ. ವಿಷ, ಸಿಡಿಮದ್ದುಗಳ ಬಳಕೆಯನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಹೊಗೆಸೊಪ್ಪಿನ ಸಿಂಪರಣಾ ಯಂತ್ರವನ್ನು ನಾಲೆಯಲ್ಲಿ ತೊಳೆಯುವುದೂ ತಿಳಿಯದೆ ವಿಷ ಹಾಕಿದಂತೆಯೇ.

ಹಕ್ಕು ಮತ್ತು ಹೊಣೆ

ಕೆರೆಯ ನೀರು ಊರಿನದಾದರೂ ಮೀನಿನ ಹಕ್ಕು ಹರಾಜಿನಲ್ಲಿ ಒಬ್ಬರಿಗೋ ಸಹಕಾರ ಸಂಘಕ್ಕೋ ಹೋಗಿರಬಹುದು. ಕೋಲು ಹಿಡಿದು ಹೊರಡುವ ಮೊದಲು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಹೊಳೆ, ಜಲಾಶಯಗಳಿಗೆ ಪರವಾನಗಿ ವಿಚಾರವನ್ನು ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ರಾಮನಾಥಪುರದಲ್ಲಿ ಕಾವೇರಿಯ ಸ್ನಾನಘಟ್ಟದ ಬಳಿ ಭಕ್ತರು ಆಹಾರ ಹಾಕುವ ಮೀನುಗಳಿಗೆ ರಕ್ಷಣೆಯಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಕಾವೇರಿ ಕಣಿವೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ದೊಡ್ಡ ಹುರುಪೆಯ ಮಹಶೀರ್ ಜಾತಿಯ ಮೀನು ನಿಮ್ಮ ಗಾಳಕ್ಕೆ ಬಿದ್ದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳುಹಿಸಿ.

ಬಾಳೆಯ ವಿಷಯದಲ್ಲೂ ವಿವೇಕ ಬೇಕು. ಹೊಂಡದಲ್ಲಿ ಅದು ಕಳ್ಳ, ಹೊಳೆಯಲ್ಲಿ ಅದೇ ಒಡೆಯ. ಹೊಳೆಗಳಲ್ಲಿ ಬಾಳೆ ಕಡಿಮೆಯಾಗುತ್ತ ಬಂದು, ವಿಶ್ವಮಟ್ಟದ ಕೆಂಪು ಪಟ್ಟಿಯಲ್ಲಿ ಅಪಾಯದತ್ತ ಸಾಗುತ್ತಿರುವ ಮೀನುಗಳ ಸಾಲಿನಲ್ಲಿದೆ. ಹೊಂಡದಲ್ಲಿ ಸಿಕ್ಕ ಬಾಳೆಯನ್ನು ಸಾರಿಗೆ ಬಳಸಿ, ಹೊಳೆಯಲ್ಲಿ ಸಿಕ್ಕ ಎಳೆಯ ಬಾಳೆಯನ್ನು ಬಿಟ್ಟುಬಿಡಿ.

ಆಫ್ರಿಕದ ಕ್ಯಾಟ್‌ಫಿಶ್‌ಗೆ ಮಾತ್ರ ಈ ದಯೆ ಸಲ್ಲದು. ನಾಡ ಮುರುಗೋಡಿನಂತೆಯೇ ಕಂಡರೂ ಇದು ಮೀಟರಿಗೂ ಮೀರಿ ಬೆಳೆಯುತ್ತದೆ. ನಾಡ ಮುರುಗೋಡು ಸಾಮಾನ್ಯವಾಗಿ ಒಂದೂವರೆ ಅಡಿ ದಾಟದು. ಇದರ ಸಾಕಣೆ ನಿಷಿದ್ಧ. ಇರುವ ದಾಸ್ತಾನನ್ನು ನಾಶಪಡಿಸುವಂತೆ ಕೇಂದ್ರ ಕೃಷಿ ಸಚಿವಾಲಯ 1997ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಗಾಳಕ್ಕೆ ಬಿದ್ದರೆ ಮರಳಿ ನೀರಿಗೆ ಬಿಡಬೇಡಿ, ಬೇರೆ ಕೆರೆಗೂ ಒಯ್ಯಬೇಡಿ.

ಹೊಂಡಕ್ಕೆ ಶಾಶ್ವತ ಉಪಾಯ

ಗಾಳದಿಂದ ಹಗೆಮೀನು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದುದರಿಂದ ಬೇಸಿಗೆಯಲ್ಲಿ ಹೊಂಡವನ್ನು ಒಣಗಿಸಿ, ತಳ ಬಿರುಕು ಬಿಡುವವರೆಗೆ ಬಿಸಿಲಿಗೆ ಬಿಡಿ. ಒಣಗಿಸಲಾಗದಿದ್ದರೆ ಹಿಪ್ಪೆ ಹಿಂಡಿ ಹಾಕಿ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2500 ಕಿಲೋ, ಅಂದರೆ ಹತ್ತು ಗುಂಟೆಗೆ ಸುಮಾರು 250 ಕಿಲೋ ಬೇಕು. ಇದರ ವಿಷ ಇಳಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಮರಿ ಬಿಡಬಾರದು, ದನಕರುಗಳನ್ನೂ ಬಿಡಬಾರದು. ಊರಿನವರು ಬಳಸುವ ಕೆರೆಗೆ ಇದನ್ನು ಹಾಕಲೇಬಾರದು. ಒಳಹರಿವಿನ ಕೊಳವೆಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಬೆರಳುದ್ದದ, ಅಂದರೆ 8ರಿಂದ 10 ಸೆಂಟಿಮೀಟರ್ ಮರಿಗಳನ್ನೇ ಬಿಡಿ. ಆಮೇಲೆ ತಿಂಗಳಿಗೆ ಎರಡು ಸಂಜೆ ಕೋಳಿ ಕರುಳಿನ ಎರೆ ಹಾಕಿ ಕುಳಿತು ನೋಡಿ. ಗೆಜ್ಜೆ ಸದ್ದು ಮಾಡದಿದ್ದರೆ ಬೇಸರ ಬೇಡ. ಹೊಂಡಕ್ಕೆ ಕಳ್ಳ ನುಗ್ಗಿಲ್ಲ ಎಂಬ ಸಮಾಧಾನದಿಂದ ಮನೆಗೆ ಹೋಗಿ.

ನೆನಪಿನಲ್ಲಿಡಿ

1. ಎರೆ ತಳದ ಬಳಿ ಇರಲಿ, ವಾಸನೆ ಇರಲಿ, ಸಂಜೆಯ ಹೊತ್ತಿರಲಿ.
2. ಬಾಳೆಗೆ ದಪ್ಪ ಕೊನೆದಾರ, ಮುರುಗೋಡಿಗೆ ಹುಳುಗಳ ಗೊಂಚಲು, ಗಿರ್ಲಿಗೆ ಚಿಕ್ಕ ಕೊಕ್ಕೆ.
3. ಗಂಟನ್ನು ಒದ್ದೆ ಮಾಡಿ ಬಿಗಿಯಿರಿ.
4. ಬರಿಗೈಯಲ್ಲಿ ಮೀಸೆ ಮೀನು ಹಿಡಿಯಬೇಡಿ. ಚುಚ್ಚಿದರೆ ಬಿಸಿನೀರು, ನಂತರ ವೈದ್ಯರು.
5. ಮೃಗಶಿರದಿಂದ ಆಶ್ಲೇಷದವರೆಗೆ ಹೊಳೆಗೆ ಬಿಡುವು.
6. ಹರಿದ ನೈಲಾನ್ ದಾರವನ್ನು ದಡದಲ್ಲಿ ಬಿಡದೆ ಮನೆಗೆ ತನ್ನಿ. ಅದು ಎತ್ತಿನ ಕಾಲಿಗೂ ಕೊಕ್ಕರೆಯ ಕಾಲಿಗೂ ಉರುಳಾಗುತ್ತದೆ.

ಹೆಚ್ಚಿನ ವಿವರಗಳಿಗೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು, ಅಥವಾ ಹಾಸನದ ಬಳಿ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.